ಅಕ್ಕೋಳದ ಯಾದಿಯಲ್ಲಿ ಇಮಾಮಸಾಬ

ಪಾರಿಸನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಕಾರ್ಖಾನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಮನುಷ್ಯ ಎಷ್ಟು ಖರೆ ಹೇಳಿದ ಎಂಬುದನ್ನು ಊರು ಅಳೆಯುತ್ತದೆ, ಎಷ್ಟು ಖರೆ ನುಂಗಿಕೊಂಡ ಎಂಬುದು ಅವನೊಬ್ಬನಿಗೇ ಗೊತ್ತು. ಪಾರಿಸ ಒಂದೇ ಒಂದು ಸಲ ನುಂಗಿಕೊಂಡಿದ್ದ. ಅದು ಎರಡು ವರ್ಷವಾದರೂ ಕರಗಿರಲಿಲ್ಲ.

ಕಾಗವಾಡ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಇರುವ ಒಂದು ಸಕ್ಕರೆ ಕಾರ್ಖಾನೆ ಅದು. ಹೆಸರು ಬೇಡ, ಹೆಸರಿನಿಂದ ಆದ ಫಜೀತಿಯೇ ಈ ಕತೆಯಲ್ಲಿ ಸಾಕಷ್ಟಿದೆ. ಅಲ್ಲಿಯ ಕಂಪ್ಯೂಟರ್ ವಿಭಾಗಕ್ಕೆ ಪಾರಿಸನೇ ಹಿರಿಯ, ಅವನೇ ಕಿರಿಯ. ವಯಸ್ಸು ಐವತ್ನಾಲ್ಕು. ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಗೆಲ್ಲ ಕಾರ್ಖಾನೆಯ ಕಬ್ಬಿನ ಕಚೇರಿಗಳಿವೆ. ಒಂದೊಂದು ಕಚೇರಿಗೆ ಒಂದೊಂದು ದೊಡ್ಡ ಮಷಿನು. ಆ ಭಾಗದ ನೌಕರರು ಕೂತಲ್ಲಿಂದಲೇ ತಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ಅದರೊಳಗೆ ಹೋಗಿ ಕೆಲಸ ಮಾಡುತ್ತಾರೆ. ಪಾರಿಸ ಕಾರ್ಖಾನೆಯಲ್ಲಿ ಕೂತು ಒಂದು ಸಾಲು ಹೊಡೆದರೆ ಸಾಕು, ಯಾವ ಮಷಿನಿನೊಳಗೆ ಈಗ ಯಾರ್ಯಾರು ಇದ್ದಾರೆ, ಎಷ್ಟೊತ್ತಿಗೆ ಬಂದರು, ಕೀಲಿಮಣೆ ಮುಟ್ಟಿ ಎಷ್ಟು ನಿಮಿಷವಾಯಿತು ಎಂಬ ಯಾದಿ ಪರದೆಯ ಮೇಲೆ ಬಂದು ನಿಲ್ಲುತ್ತದೆ.

ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಅವನು ನಾಲ್ಕೂ ಕಡೆಯ ಯಾದಿ ನೋಡುತ್ತಿದ್ದ. ಮೂರನ್ನು ನೋಡಿದಂತೆ ಮಾಡಿ ಬಿಡುತ್ತಿದ್ದ. ನಾಲ್ಕನೆಯದನ್ನು, ನಿಪ್ಪಾಣಿಯ ಹತ್ತಿರದ ಅಕ್ಕೋಳದ್ದನ್ನು, ಓದುತ್ತಿದ್ದ. ಅಲ್ಲಿ ಎರಡನೆಯ ಸಾಲಿಗೆ ಇಮಾಮಸಾಬನ ಹೆಸರು ಇರುತ್ತಿತ್ತು. ಒಂಬತ್ತು ಇಪ್ಪತ್ತಕ್ಕೆ ಬಂದಿದ್ದಾನೆ, ಒಳಗೆ ಇದ್ದಾನೆ, ಕೈ ಆಡಿಸಿ ಎರಡು ನಿಮಿಷವಾಗಿದೆ.

"ಬಂದಾನ," ಎಂದು ಪಾರಿಸ ತನ್ನಷ್ಟಕ್ಕೆ ಅಂದುಕೊಂಡು ಚಹಾಕ್ಕೆ ಏಳುತ್ತಿದ್ದ. ಆ ಹೆಸರು ನೋಡದೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ.

ಇಬ್ಬರೂ ಕಾರ್ಖಾನೆ ಸೇರಿದ್ದು ಒಂದೇ ವರ್ಷ. ಇಮಾಮಸಾಬ ಕುಡಚಿಯವನು, ವಯಸ್ಸಿನಲ್ಲಿ ಮೂರು ವರ್ಷ ದೊಡ್ಡವನು. ಕಬ್ಬಿನ ಕಟಾವಿನ ಪಾಳಿ ನೋಡಿಕೊಳ್ಳುವ ಕೆಲಸ ಅವನದು. ಇಪ್ಪತ್ತಾರು ವರ್ಷ ಇಬ್ಬರ ಮೇಜೂ ಒಂದಕ್ಕೊಂದು ತಾಗಿಕೊಂಡಿದ್ದವು. ಪಾರಿಸ ಜೈನರವನು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಹಂಗಾಮಿನ ದಿನಗಳಲ್ಲಿ ಕೆಲಸ ಬಿಟ್ಟು ಏಳಲು ಆಗದಿದ್ದಾಗ ಇಮಾಮಸಾಬ ಬಂದು, "ಏಳಲೇ ಪಾರಿಸ್ಯಾ, ಸೂರ್ಯಾ ನಿನ್ನ ಸಲುವಾಗಿ ನಿಂದರಂಗಿಲ್ಲ," ಎಂದು ಅವನನ್ನು ಎಬ್ಬಿಸಿ ತಾನು ಆ ಕುರ್ಚಿಯಲ್ಲಿ ಕೂರುತ್ತಿದ್ದ. ಶುಕ್ರವಾರ ಮಧ್ಯಾಹ್ನ ಇಮಾಮಸಾಬ ನಮಾಜಿಗೆ ಹೋದರೆ ಅವನ ಕುರ್ಚಿಯಲ್ಲಿ ಪಾರಿಸ. ಹೆಸರು ಬದಲಿಸುವ ಉಸಾಬರಿ ಯಾರಿಗೆ ಬೇಕು? ಇವನ ಹೆಸರಿನಲ್ಲಿ ಅವನು, ಅವನ ಹೆಸರಿನಲ್ಲಿ ಇವನು ಕೆಲಸ ಮಾಡುತ್ತಿದ್ದರು. ಈದ್ ದಿನ ಇಮಾಮಸಾಬನ ಹೆಂಡತಿ ಸುಲ್ತಾನಬಿ ಉಳ್ಳಾಗಡ್ಡಿ ಸೋಕದ ಒಂದು ಡಬ್ಬಿಯನ್ನು ಬೇರೆಯಾಗಿಯೇ ಕಟ್ಟಿ ಕಳಿಸುತ್ತಿದ್ದಳು. ಅದು ನಾಲ್ಕು ಗಂಟೆಯ ಒಳಗೆ ಪಾರಿಸನ ಕೈ ಸೇರುತ್ತಿತ್ತು.

ಹೀಗಿದ್ದವರ ನಡುವೆ ಒಂದು ಹಾಳೆ ಬಂತು.

ಕಬ್ಬು ಕಡಿಯಲು ಯಾರ ಹೊಲಕ್ಕೆ ಯಾವಾಗ ಆಳುಗಳು ಹೋಗಬೇಕು ಎಂಬುದಕ್ಕೆ ಪಾಳಿಯ ಯಾದಿ ಇರುತ್ತದೆ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಆ ಯಾದಿಯಲ್ಲಿ ತೀರ ಕೆಳಗಿದ್ದ ಒಬ್ಬಳ ನಂಬರು ನೂರನಲವತ್ತು ಜನರನ್ನು ಹಾರಿ ಮೇಲೆ ಬಂದು ಕೂತಿತು. ಅಕ್ಕವ್ವ ಎಂಬ ಹೆಣ್ಣುಮಗಳ ಹೊಲ. ಹಿಂದೆ ಬಿದ್ದ ರೈತರು ಸುಮ್ಮನಿರುತ್ತಾರೆಯೇ? ಕಾರ್ಖಾನೆಯ ಗೇಟಿಗೆ ಬಂದು ಕೂತರು. ಮೇಲಿನವರು ಪಾರಿಸನನ್ನು ಕರೆದು, "ಯಾರು ತಿದ್ಯಾರ ಅಂತ ಮಷಿನ್ ಏನ್ ಹೇಳತೈತಿ, ಅಷ್ಟ ಬರದ ಕೊಡ್ರಿ," ಎಂದರು.

ಪಾರಿಸ ಅಷ್ಟೇ ಬರೆದುಕೊಟ್ಟ. ಶುಕ್ರವಾರ, ಮಧ್ಯಾಹ್ನ ಒಂದು ಐವತ್ತು, ಇಮಾಮಸಾಬನ ಹೆಸರು. ಕೆಳಗೆ ತನ್ನ ಸಹಿ.

ಬರೆಯದೆ ಬಿಟ್ಟದ್ದು ಇಷ್ಟು: ಶುಕ್ರವಾರ ಆ ಹೊತ್ತಿಗೆ ಇಮಾಮಸಾಬ ಮಸೀದಿಯಲ್ಲಿರುತ್ತಾನೆ, ಅವನ ಹೆಸರಿನಲ್ಲಿ ಬೇರೆ ಯಾರೋ ಕೂರುತ್ತಾರೆ, ಇಪ್ಪತ್ತು ವರ್ಷದಿಂದ ಆ ಬೇರೆ ಯಾರೋ ತಾನೇ. ಅಂದು ಮಾತ್ರ ಪಾರಿಸ ಅಥಣಿಯ ಮಷಿನು ಕೆಟ್ಟಿತೆಂದು ಅಲ್ಲಿಗೆ ಹೋಗಿದ್ದ. ಹಾಗಾದರೆ ಅಂದು ಕೂತವರು ಯಾರು? ಕೇಳಿದ್ದರೆ ತಿಳಿಯುತ್ತಿತ್ತು. ಆದರೆ ಕೇಳಿ ಬರೆದರೆ ಮೇಲಿನವರು, "ಕಂಪ್ಯೂಟರ್ ಸಾಹೇಬ್ರು ನೀವ ಮಂದಿ ಹೆಸರಿನ್ಯಾಗ ಕೆಲಸಾ ಮಾಡತೀರಿ?" ಎಂದು ಕೇಳುತ್ತಿದ್ದರು. ಪಾರಿಸ ಅಂಜಿದ. ಅಂಜಿಕೆಗೆ ನಿಯಮ ಎಂದು ಹೆಸರಿಟ್ಟುಕೊಂಡ. ಒಂದೇ ವಾರದಲ್ಲಿ ಇಮಾಮಸಾಬನನ್ನು ಅಕ್ಕೋಳಕ್ಕೆ ಎತ್ತಿ ಹಾಕಿದರು.

ಹೋಗುವ ದಿನ ಇಮಾಮಸಾಬ ಬಾಗಿಲಲ್ಲಿ ನಿಂತ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನೀ ನನ್ನ ಕೇಳಬೇಕಿತ್ತಲೇ ಪಾರಿಸ್ಯಾ," ಎಂದ, ಹೋದ.

ಅಂದಿನಿಂದ ಮಾತಿಲ್ಲ. ಇಮಾಮಸಾಬ ಕುಡಚಿಯ ಮನೆಗೆ ಕೀಲಿ ಹಾಕಿ ಹೆಂಡತಿಯನ್ನು ಕರೆದುಕೊಂಡು ನಿಪ್ಪಾಣಿಯಲ್ಲಿ ಬಾಡಿಗೆ ಮನೆ ಹಿಡಿದ ಎಂಬ ಸುದ್ದಿ ಬಂತು. ಆಮೇಲೆ ಸುದ್ದಿಯೂ ಬರಲಿಲ್ಲ. ಕಾರ್ಖಾನೆಯಲ್ಲಿ ಪಾರಿಸನ ಎದುರಿಗೆ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಪಾರಿಸನಿಗೆ ಉಳಿದದ್ದು ಬೆಳಗಿನ ಯಾದಿಯ ಆ ಎರಡನೆಯ ಸಾಲು. ಗೆಳೆಯ ಇನ್ನೂ ಇದ್ದಾನೆ, ಇಂದೂ ಕೆಲಸಕ್ಕೆ ಬಂದಿದ್ದಾನೆ ಎಂಬುದಕ್ಕೆ ಅವನಿಗೆ ಬೇರೆ ಆಧಾರವೇ ಇರಲಿಲ್ಲ.

ಮೊನ್ನೆ ಫೆಬ್ರುವರಿಯ ಒಂದು ಸೋಮವಾರ ಅದೂ ಹೋಯಿತು. ಅಥಣಿಯ ಯಾದಿ ಬಂತು, ರಾಯಬಾಗದ್ದು ಬಂತು, ಚಿಕ್ಕೋಡಿಯದು ಬಂತು. ಅಕ್ಕೋಳಕ್ಕೆ ಕೇಳಿದರೆ ಯಾದಿಯ ಬದಲು ಒಂದೇ ಸಾಲು: ಎರರ್ ಐದು, ಪ್ರವೇಶವಿಲ್ಲ.

ಪಾರಿಸನಿಗೆ ಈ ನಂಬರುಗಳೆಲ್ಲ ಬಾಯಿಪಾಠ. ಲೈನು ಹೋಗಿದ್ದರೆ, ನಡುವೆ ಫೈರ್‌ವಾಲ್ ಅಡ್ಡ ನಿಂತಿದ್ದರೆ ಸಾವಿರದ ಲೆಕ್ಕದ ಬೇರೆ ನಂಬರು ಬರುತ್ತದೆ. ಅದು ಫೋನು ಎತ್ತದ ಮನೆ. ಐದು ಹಾಗಲ್ಲ. ಐದು ಎಂದರೆ ಫೋನು ಎತ್ತಿ, ಧ್ವನಿಯ ಗುರುತು ಹಿಡಿದು, ಮಾತಾಡದೆ ಇಟ್ಟುಬಿಡುವ ಮನೆ. ಮಷಿನು ಆರಾಮವಾಗಿದೆ, ಕೇಳುತ್ತಿರುವವನು ಯಾರೆಂದು ಅದಕ್ಕೆ ಗೊತ್ತು, ಆದರೂ ಹೇಳುವುದಿಲ್ಲ. ಪಾರಿಸನಿಗೆ ಕೆನ್ನೆಗೆ ಹೊಡೆದಂತಾಯಿತು. ಇಮಾಮಸಾಬನೇ ತನ್ನನ್ನು ಹೊರಗೆ ಹಾಕಿಸಿದನೇ ಎಂದೂ ಒಂದು ಕ್ಷಣ ಅನ್ನಿಸಿತು.

ಪಾಸ್‌ವರ್ಡು ಮತ್ತೆ ಮತ್ತೆ ಹೊಡೆದು ನೋಡಿದ. ಎಲ್ಲರಿಗೂ ತೆರೆದಿಟ್ಟ ಫೋಲ್ಡರನ್ನು ತೆಗೆದರೆ ಅದು ತೆರೆಯಿತು, ಅಂದಿನ ತೂಕದ ಫೈಲುಗಳೂ ಕಂಡವು. ಅಂದರೆ ಲೈನಿನ ದೋಷವಲ್ಲ. ಉಳಿದದ್ದು ಎರಡೇ ಕಾರಣ. ಒಂದು, ಆ ಮಷಿನಿನಲ್ಲಿ ಮೇಲಧಿಕಾರದವರ ಪಟ್ಟಿಯಿಂದ ತನ್ನ ಹೆಸರು ಬಿದ್ದುಹೋಗಿರಬೇಕು. ಇನ್ನೊಂದು, ದೂರದಿಂದ ಕೇಳುವವರಿಗೆ ಒಳಗಿರುವವರ ಸುದ್ದಿ ಹೇಳಬಹುದು ಎಂದು ಮಷಿನಿನ ಒಳಗೆ ಒಂದು ಕಡೆ ಬರೆದಿಡಬೇಕಾಗುತ್ತದೆ. ಅಲ್ಲಿ ಒಂದು ಎಂದಿದ್ದರೆ ಹೇಳುತ್ತದೆ, ಸೊನ್ನೆ ಎಂದಿದ್ದರೆ ಇಲ್ಲ. ಎರಡರಲ್ಲಿ ಯಾವುದೇ ಆಗಿರಲಿ, ಇಲ್ಲಿಂದ ಸರಿಮಾಡಲು ಬರುವುದಿಲ್ಲ. ಅಲ್ಲಿ ಆ ಮಷಿನಿನ ಮುಂದೆ ಒಬ್ಬರು ಕೂರಬೇಕು.

ಒಂದು ಫೋನು ಮಾಡಿದರೆ ಆಗುವ ಕೆಲಸ. ಆದರೆ ಅಕ್ಕೋಳದ ಕಚೇರಿಯ ಫೋನು ಇರುವುದು ಇಮಾಮಸಾಬನ ಮೇಜಿನ ಮೇಲೆ ಎಂದು ಪಾರಿಸನಿಗೆ ತಿಳಿದಿತ್ತು. ಮೂರು ಸಲ ನಂಬರು ಒತ್ತಿದ, ಕೊನೆಯ ಅಂಕಿಗೆ ಬಂದು ಮೂರು ಸಲವೂ ಬಿಟ್ಟ. ಏನೆಂದು ಮಾತು ತೆಗೆಯುವುದು? ಎರಡು ವರ್ಷದ ಮೇಲೆ ಮೊದಲ ಮಾತಿಗೇ "ಕಂಟ್ರೋಲ್ ಒತ್ತು" ಎನ್ನುವುದೇ?

ಗುರುವಾರ ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಾಗ ಅವನ ಹೆಂಡತಿ ಬಾಯಿಬಿಟ್ಟಳು. "ಮೂರು ದಿನಾ ಆತು, ರೊಟ್ಟಿ ಮುರದ ಮುರದ ಇಡಾಕತ್ತೀರಿ. ಅವ ಆರಾಮ ಅದಾನೋ ಇಲ್ಲೋ ಅಂತ ಎರಡ ವರ್ಷ ಆ ಮಷಿನ್‌ಗೆ ಕೇಳಿದ್ರಿ. ಅದು ಬಾಯಿ ಮುಚ್ಚತು. ಈಗರೆ ಎದ್ದ ಹೋಗಿ ಬರ್ರಿ."

"ಕೆಲಸಾ ಐತಿ ಅಂತ ಹೋದ್ರ ನಡಿತೈತಿ," ಎಂದ ಪಾರಿಸ, ಅರ್ಧ ತನಗೆ, ಅರ್ಧ ಅವಳಿಗೆ.

"ಏನರೆ ಅಂತ ಹೋಗ್ರಿ. ಹೋಗ್ರಿ ಅಷ್ಟ."

ಹಾಗೆ ನೋಡಿದರೆ ಆ ಎರರ್ ಅವನಿಗೆ ದೇವರು ಕೊಟ್ಟ ನೆಪ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದ. ಬಸ್ಸು ಉಗಾರ ದಾಟಿ, ಹೊಳೆ ದಾಟಿ ಕುಡಚಿಯಲ್ಲಿ ನಿಂತಾಗ ಅವನು ಎಂದಿನಂತೆ ಇನ್ನೊಂದು ಬದಿಗೆ ಮುಖ ಮಾಡಿ ಕೂತ. ಬೆನ್ನ ಕಡೆ ರೈಲು ಗೇಟಿನ ಹತ್ತಿರದ ಓಣಿಯಲ್ಲಿ ಇಮಾಮಸಾಬನ ಕೀಲಿ ಹಾಕಿದ ಮನೆ ಇದೆ. ನೋಡಲು ಮನಸ್ಸಾಗಲಿಲ್ಲ.

ರಾಯಬಾಗ, ಚಿಕ್ಕೋಡಿ ದಾಟುವವರೆಗೆ ಮಾತು ಹೊಂದಿಸಿಕೊಂಡ. ಮೊದಲು ಮಷಿನಿನ ಮಾತು. ಆಮೇಲೆ ಅವನ ಹಳೆಯ ಮೊಣಕಾಲು ನೋವು ಹೇಗಿದೆ ಎಂದು ಕೇಳುವುದು. ಆಮೇಲೆ, ಧೈರ್ಯ ಬಂದರೆ, ಆ ಶುಕ್ರವಾರ ನಿನ್ನ ಕುರ್ಚಿಯಲ್ಲಿ ಯಾರಿದ್ದರು ಎಂದು ಕೇಳುವುದು. ಅವನು ಯಾರ ಹೆಸರು ಹೇಳಿದರೂ ಸರಿ, ಮೇಲಿನವರಿಗೆ ಹೊಸದಾಗಿ ಬರೆದುಕೊಟ್ಟು ಇಮಾಮಸಾಬನನ್ನು ಮತ್ತೆ ತನ್ನ ಪಕ್ಕದ ಮೇಜಿಗೆ ತರಿಸಿಕೊಳ್ಳುವುದು. ಕಿಟಕಿಯ ಗಾಳಿಗೆ ಕೂತು ಅವನು ಮೇಜನ್ನು ಎಲ್ಲಿಡಬೇಕೆಂಬುದನ್ನೂ ಲೆಕ್ಕ ಹಾಕಿದ.

ಅಕ್ಕೋಳದ ಕಚೇರಿ ಎಂದರೆ ಎರಡು ಖೋಲಿ, ಮೇಲೆ ತಗಡಿನ ಪತ್ರಾಸು. ಪಕ್ಕದಲ್ಲಿ ಯಾರದೋ ತಂಬಾಕಿನ ಗೋದಾಮು, ಒಳಗೆಲ್ಲ ಅದೇ ಘಾಟು. ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಕಿಟಕಿಯ ಹತ್ತಿರ ಕೂತು ಕೆಲಸ ಮಾಡುತ್ತಿದ್ದಳು. ಉಜ್ವಲಾ ಎಂದು ಹೆಸರು ಹೇಳಿ, ಕುರ್ಚಿ ಎಳೆದು, ನೀರು ಕೊಟ್ಟಳು. ಬೇರೆ ಯಾರೂ ಇರಲಿಲ್ಲ. ಇಮಾಮಸಾಬ ನಮಾಜಿಗೆ ಹೋಗಿರಬೇಕು, ಇಂದು ಶುಕ್ರವಾರವಲ್ಲವೇ, ಎಂದುಕೊಂಡ ಪಾರಿಸ. ಕೇಳಲು ನಾಲಿಗೆ ಏಳಲಿಲ್ಲ. ಮೊದಲು ಕೆಲಸ ಮುಗಿಸುವುದು, ಅಷ್ಟರಲ್ಲಿ ಅವನೇ ಬರುತ್ತಾನೆ.

"ಈ ಮಷಿನ್‌ಗೆ ಏನ್ ಮಾಡೀರಿ?" ಎಂದ.

"ಹೋದ ಶನಿವಾರ ಸಂಜಿಕ ಪೂರಾ ಬಂದ್ ಬಿತ್ತರಿ ಸರ್. ರವಿವಾರ ಚಿಕ್ಕೋಡಿಂದ ರಿಪೇರಿಯವರು ಬಂದು ಎಲ್ಲಾ ಹೊಸದಾಗಿ ತುಂಬಿ ಹೋದ್ರು. ದೊಡ್ಡ ಪಾಸ್‌ವರ್ಡ್ ಇಲ್ಲಿ ಬರದ ಇಟ್ಟಾರ ನೋಡ್ರಿ," ಎಂದು ಅವಳು ಕೀಲಿಮಣೆಯನ್ನು ಎತ್ತಿ ಅಡಿಗೆ ಅಂಟಿಸಿದ್ದ ಚೀಟಿ ತೋರಿಸಿದಳು.

ಬೇರೆ ದಿನವಾಗಿದ್ದರೆ ಪಾರಿಸ ಆ ಚೀಟಿಯ ಮೇಲೆ ಅರ್ಧ ತಾಸು ಭಾಷಣ ಬಿಗಿಯುತ್ತಿದ್ದ. ಇಂದು ಅದೇ ಚೀಟಿಯಿಂದ ಒಳಗೆ ಹೋದ. ಅವನು ಎಣಿಸಿದಂತೆಯೇ ಆಗಿತ್ತು. ಹೊಸದಾಗಿ ತುಂಬುವಾಗ ನೌಕರರ ಹೆಸರುಗಳನ್ನು ಹಾಕಿದ್ದರು, ಮೇಲಧಿಕಾರದವರ ಪಟ್ಟಿಗೆ ಪಾರಿಸನನ್ನು ಹಾಕಿರಲಿಲ್ಲ. ಆ ಇನ್ನೊಂದು ಜಾಗದಲ್ಲಿ ಸೊನ್ನೆಯೂ ಇತ್ತು. ಯಾರೂ ಅವನನ್ನು ಹೊರಗೆ ಹಾಕಿರಲಿಲ್ಲ, ಸುಮ್ಮನೆ ಮರೆತಿದ್ದರು. ಅವನಿಗೆ ಎದೆ ಹಗುರಾಯಿತು. ತನ್ನ ಹೆಸರು ಸೇರಿಸಿದ, ಸೊನ್ನೆಯನ್ನು ಒಂದು ಮಾಡಿದ, ಮಷಿನನ್ನು ಒಮ್ಮೆ ಆರಿಸಿ ಚಾಲು ಮಾಡಿದ. ಉಜ್ವಲಾ ತನ್ನ ಜಾಗಕ್ಕೆ ಹೋಗಿ ಕೆಲಸ ಮುಂದುವರಿಸಿದಳು. ಪಾರಿಸ ತನ್ನ ಲ್ಯಾಪ್‌ಟಾಪಿನಿಂದ ದಿನದ ಆ ಒಂದು ಸಾಲು ಹೊಡೆದ.

ಯಾದಿ ಬಂತು. ಎರಡನೆಯ ಸಾಲಿಗೆ ಇಮಾಮಸಾಬ. ಒಳಗೆ ಇದ್ದಾನೆ. ಕೈ ಆಡಿಸಿ ಒಂದು ನಿಮಿಷವೂ ಆಗಿಲ್ಲ.

ಪಾರಿಸ ನಗುಮುಖ ಮಾಡಿಕೊಂಡು ತಟ್ಟನೆ ಹಿಂದಕ್ಕೆ ತಿರುಗಿದ. ಖೋಲಿಯಲ್ಲಿ ಉಜ್ವಲಾ ಒಬ್ಬಳೇ ಇದ್ದಳು, ಬೆರಳುಗಳು ಕೀಲಿಮಣೆಯ ಮೇಲೆ.

"ಇಮಾಮಸಾಬ ಎಲ್ಲದಾನ್ರಿ?"

"ಅವರೆಲ್ಲಿ ಇಲ್ಲಿ ಅದಾರ್ರಿ ಸರ್?" ಉಜ್ವಲಾ ಅವನನ್ನೇ ವಿಚಿತ್ರವಾಗಿ ನೋಡಿದಳು. "ಇನ್ನೂ ಸರ್ವಿಸ್ ಇತ್ತರಿ. ತಾವ ರಾಜೀನಾಮಾ ಬರದ ಕೊಟ್ಟು ಹೋಗಿ ಮೂರ ತಿಂಗಳಾತಲ್ರಿ."

"ಮತ್ತ ಈ ಹೆಸರು?"

"ಅದು ನಾನರಿ," ಎಂದಳು ಅವಳು, ತಪ್ಪು ಸಿಕ್ಕಿಬಿದ್ದವರಂತೆ ಸ್ವಲ್ಪ ನಾಚಿ. "ಪಾಳಿ ತಿದ್ದೋ ಅಧಿಕಾರ ಅವರ ಹೆಸರಿಗಷ್ಟ ಐತಿ. ಹೊಸಾದ ಬೇಕಂದ್ರ ಮೂರ ಮಂದಿ ಸಹಿ ಆಗಬೇಕ್ರಿ. ಅದಕ್ಕ ಅವರದ ನಡಸೇವಿ. ಎಲ್ಲಾ ಕಡೆ ಹಿಂಗ ನಡಿತೈತಿ ಅಂತಾರಲ್ರಿ ಸರ್?"

ನಡೆಯುತ್ತದೆ. ಪಾರಿಸನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಮೂರು ತಿಂಗಳಿಂದ ಅವನು ದಿನಾ ಬೆಳಿಗ್ಗೆ, "ಬಂದಾನ," ಎಂದು ಸಮಾಧಾನ ಮಾಡಿಕೊಂಡಿದ್ದು ಮುಖವನ್ನೇ ನೋಡದ ಈ ಹೆಣ್ಣುಮಗಳು ಕೆಲಸಕ್ಕೆ ಬಂದದ್ದಕ್ಕೆ. ಶುಕ್ರವಾರ ಮಧ್ಯಾಹ್ನ ಆ ಹೆಸರು ಇತ್ತೀಚೆಗೆ ಕೆಲಸ ನಿಲ್ಲಿಸುತ್ತಿರಲಿಲ್ಲ ಎಂಬುದನ್ನು ಅವನು ಗಮನಿಸಿಯೂ ಇದ್ದ. ಮೊಣಕಾಲು ನೋವಿಗೆ ಮಸೀದಿಗೆ ಹೋಗುತ್ತಿಲ್ಲವೇನೋ ಎಂದು ತಾನೇ ಉತ್ತರ ಹೇಳಿಕೊಂಡಿದ್ದ. ಮಷಿನು ಹೇಳಿದ್ದನ್ನು ಎರಡನೆಯ ಸಲವೂ ನಂಬಿದ, ಎರಡನೆಯ ಸಲವೂ ಯಾರನ್ನೂ ಕೇಳಲಿಲ್ಲ.

"ಈಗ ಎಲ್ಯಾನ ಅಂವ?"

"ಕುಡಚ್ಯಾಗ ಸ್ವಂತ ಮನಿ ಐತಲ್ರಿ, ಅಲ್ಲೇ. ಮೊಣಕಾಲ ಭಾಳ ತ್ರಾಸ ಕೊಡಾಕತ್ತಿತ್ತರಿ ಪಾಪ."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ಕಾರ್ಖಾನೆಯಿಂದ ಹೊಳೆ ದಾಟಿದರೆ ಕುಡಚಿ. ಪಾರಿಸ ಚಹಾ ಕೂಡ ಕುಡಿಯದೆ ಎದ್ದ. ಬಂದ ದಾರಿಯಲ್ಲೇ ತಿರುಗಿ ಬರುವಾಗ ಬಸ್ಸು ಎಲ್ಲಿ ನಿಂತರೂ ಅವನಿಗೆ ಸಿಟ್ಟು ಬರುತ್ತಿತ್ತು. ರಾಯಬಾಗದಲ್ಲಿ ಒಬ್ಬ ಮುದುಕಿ ಬುಟ್ಟಿ ಇಳಿಸಲು ತಡಮಾಡಿದಳೆಂದು ಅವಳ ಮೇಲೂ ಸಿಟ್ಟಾದ, ಮರುಕ್ಷಣ ತಾನೇ ಎದ್ದು ಬುಟ್ಟಿ ಇಳಿಸಿಕೊಟ್ಟ.

ಕುಡಚಿಯಲ್ಲಿ ಇಳಿದಾಗ ನಾಲ್ಕೂವರೆ. ಓಣಿ ಬದಲಾಗಿರಲಿಲ್ಲ. ಮನೆಯ ಬಾಗಿಲು ತೆರೆದಿತ್ತು. ಹೊರಗೆ ಕಟ್ಟೆಯ ಮೇಲೆ, ಒಂದು ಕಾಲನ್ನು ನೀಡಿಕೊಂಡು, ಇಮಾಮಸಾಬ ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಯಾದಿಯಲ್ಲಿ ಗಡ್ಡ ಬೆಳ್ಳಗಾಗುವುದು ಕಾಣುವುದಿಲ್ಲ.

ಬಾಗಿಲಿಗೆ ಬಂದ ಸುಲ್ತಾನಬಿ ಸೆರಗು ಸರಿಮಾಡಿಕೊಂಡು, "ಅಯ್ಯ, ಪಾರಿಸಣ್ಣಾ! ಬರ್ರಿ, ಒಳಗ ಬರ್ರಿ," ಎಂದಳು. ಅವಳ ಕಣ್ಣು ತುಂಬಿತು. ಇಮಾಮಸಾಬ ಏಳಲಿಲ್ಲ. ಕಟ್ಟೆಯ ಮೇಲೆ ತನ್ನ ಪಕ್ಕದಲ್ಲಿದ್ದ ಪೇಪರನ್ನು ತೆಗೆದು ಅತ್ತ ಇಟ್ಟ. ಜಾಗವಾಯಿತು. ಪಾರಿಸ ಕೂತ.

ಹೊಂದಿಸಿಕೊಂಡ ಮಾತು ಒಂದೂ ನೆನಪಿಗೆ ಬರಲಿಲ್ಲ. ಕೊನೆಯದೇ ಮೊದಲು ಬಂತು.

"ಆ ಶುಕ್ರವಾರ ನಿನ್ನ ಕುರ್ಚಿ ಮ್ಯಾಲ ಯಾರ ಕುಂತಿದ್ರು?" ಎಂದ. "ಹೆಸರ ಹೇಳ. ನಾಳೆನ ಬರದ ಕೊಡತೇನಿ. ಪ್ರತಿ ಶುಕ್ರವಾರ ನಾನ ಕುಂದರತಿದ್ದೆ ಅನ್ನೂದನೂ ಬರೀತೇನಿ. ಏನ ಆಗತೈತಿ ಆಗಲಿ."

ಇಮಾಮಸಾಬ ಅತ್ತ ಇಟ್ಟಿದ್ದ ಪೇಪರನ್ನು ಎತ್ತಿ ಮಡಚಿದ.

"ನಾನ ಇದ್ದೆ," ಎಂದ.

ಪಾರಿಸನಿಗೆ ಅರ್ಥವಾಗಲಿಲ್ಲ.

"ನೀ ಅಥಣಿಗಿ ಹೋಗಿದ್ಯಲ್ಲೋ. ಕುರ್ಚಿ ಯಾರಿಗೆ ಬಿಟ್ಟ ಹೋಗಲಿ? ನಮಾಜ್‌ಗೆ ಹೋಗಲಿಲ್ಲ ಅವತ್ತ. ಅಕ್ಕವ್ವ ಬಂದ್ಲು. ಗಂಡ ವಿರುಪಾಕ್ಷಪ್ಪಗ ಲಕ್ವಾ ಹೊಡದ ಹಾಸಿಗಿ ಹಿಡದಾನ, ಕಡಿಯವರ ಬೆನ್ನ ಹತ್ತಾಕ ಮನ್ಯಾಗ ಯಾರೂ ಇಲ್ಲ, ನಿಂತ ಅಳಾಕತ್ತಿದ್ಲು. ನಂಬರ ಎತ್ತಿ ಮ್ಯಾಲ ಇಟ್ಟೆ. ಹಿಂದಿನವರ ಹೊಟ್ಟಿ ಮ್ಯಾಲ ಕಾಲಿಟ್ಟೆ, ತಪ್ಪು. ನಿನ್ನ ಕಾಗದದಾಗ ಇದ್ದದ್ದು ಖರೇನ ಇತ್ತು."

"ಮತ್ತ ನೀ ನನಗ..."

"ಖರೇ ಇತ್ತು ಅಂತ ನಿನಗ ಗೊತ್ತಿತ್ತೇನ? ಇಲ್ಲ. ನಾ ಅಲ್ಲಿ ಇರಂಗಿಲ್ಲ ಅಂತ ಗೊತ್ತಿದ್ದೂ ಬರದಿ. ನಿನ್ನ ಮೇಜಿಗಿ ಹತ್ತೇ ನನ್ನ ಮೇಜು. ಕೇಳಿದ್ರ, ನಾನ ಲೇ ಅಂತ ಹೇಳತಿದ್ದೆ, ನಾನ ಸಹಿ ಮಾಡತಿದ್ದೆ."

ಪಾರಿಸ ತಲೆ ತಗ್ಗಿಸಿದ. ಎರಡು ವರ್ಷ ಅವನು ಗೆಳೆಯನ ಮೇಲೆ ಸುಳ್ಳು ಹೊರಿಸಿದೆನೆಂದು ಕೊರಗಿದ್ದ. ಈಗ ಖರೆಯೇ ಅದಕ್ಕಿಂತ ಭಾರವಾಗಿತ್ತು. ಒಳಗಿನಿಂದ ಚಹಾದ ಪಾತ್ರೆಯ ಸಪ್ಪಳ ಬಂತು. ಅವನು ಮುಖ ಒರೆಸಿಕೊಂಡು, ದಿನಾ ಬೆಳಿಗ್ಗೆ ಅಕ್ಕೋಳದ ಯಾದಿ ನೋಡುತ್ತಿದ್ದುದನ್ನು, ಉಜ್ವಲಾಳನ್ನು ನೋಡಿ ತಾನು ಬೆಪ್ಪಾದುದನ್ನು ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು, ನಗುವಿನ ಹಿಂದೆಯೇ ಅಳು.

ಇಮಾಮಸಾಬ ನಗಲಿಲ್ಲ. ನೋವಿನ ಕಾಲನ್ನು ಎರಡೂ ಕೈಯಿಂದ ಎತ್ತಿ ಬೇರೆ ಕಡೆ ಇಟ್ಟುಕೊಂಡ. ಅಷ್ಟರಲ್ಲಿ ಹೊಳೆಯ ಆಚೆಯಿಂದ ಕಾರ್ಖಾನೆಯ ಕೆಲಸ ಬಿಡುವ ಹೊತ್ತಿನ ಭೋಂಗಾ ಊದಿತು, ಉದ್ದಕ್ಕೆ ಒಂದು ಸಲ.

"ಮೂರ ತಿಂಗಳಾತು, ಇದನ್ನ ಕೇಳಾಕ ದಿನಾ ಇಲ್ಲಿ ಬಂದ ಕುಂದರತೇನಿ," ಎಂದ ಇಮಾಮಸಾಬ. "ಊದಿತು ಅಂದ್ರ, ಪಾರಿಸ್ಯಾ ಎದ್ದ, ಚೀಲ ಹಾಕ್ಕೊಂಡ, ಮನಿ ಹಾದಿ ಹಿಡದ ಅಂತ ತಿಳಕೊಂತೇನಿ. ಇವತ್ತೂ ಹಂಗ ತಿಳಕೊಂತಿದ್ದೆ. ನೀ ನೋಡಿದ್ರ ಇಲ್ಲಿ ಕುಂತಿ."